ಟೀಚರಮ್ಮನ ಗಾಳಿಗೋಪುರ

ಪಾಯ ತೆಗೆಯುವ ಮೊದಲೇ ನಮ್ಮ ಮನೆ 20 ಅಡಿ ಪಕ್ಕಕ್ಕೆ ಸರಿದಿತ್ತು. ಕಾರಣ ಒಂದು ಹುತ್ತ.

ಹಿರಿಯೂರಿನಿಂದ ಸ್ವಲ್ಪ ಆಚೆ ನಮ್ಮದೊಂದು ತೆಂಗಿನ ತೋಟ ಇದೆ. ಊರೊಳಗಿನ ಹಳೇ ಮನೆ ಸೋರಲು ಶುರುವಾದ ಮೇಲೆ, 2018ರ ಕೊನೆಯಲ್ಲಿ, ತೋಟದಲ್ಲೇ ಮನೆ ಕಟ್ಟೋಣ ಎಂದು ತೀರ್ಮಾನ ಮಾಡಿದೆವು. ಜಾಗ ಸಮ ಮಾಡಲು ಜೆಸಿಬಿ ಬಂತು. ಮೂಲೆಯಲ್ಲಿ ಆಳೆತ್ತರದ ಹುತ್ತ. ಡ್ರೈವರ್ ಹುಡುಗ ಗಾಡಿ ನಿಲ್ಲಿಸಿ ಇಳಿದು ಬಂದ. "ಅಕ್ಕ, ಇದನ್ನ ನಾನು ಮುಟ್ಟಲ್ಲ" ಅಂದ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಇದು ಗೆದ್ದಲು ಕಟ್ಟಿದ ಮಣ್ಣು ಕಣಪ್ಪ ಎಂದು ಪಾಠ ಶುರು ಮಾಡುವಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಬಂತು. "ಮದುವೆಯಾಗಿ ಬಂದಾಗಿನಿಂದ ಪ್ರತಿ ನಾಗರಪಂಚಮಿಗೂ ಹಾಲೆರೆದ ಹುತ್ತ ಅದು. ಬೇಕಾದ್ರೆ ನಿಮ್ಮ ಮನೆ ಸರಿಸ್ಕೊಳ್ಳಿ." ಜಾಗ ಅವರದ್ದು, ಹಾಲೂ ಅವರದ್ದೇ. ಮನೆ ಸರಿಯಿತು.

ಆವತ್ತು ನನಗೆ ಸಿಟ್ಟು ಬಂದಿತ್ತು. ಆದರೆ ಆ ಹುತ್ತ ಅಲ್ಲೇ ಉಳಿದಿದ್ದರಿಂದ ಆಮೇಲೆ ಒಂದು ವರ್ಷ ನಾನು ಅದನ್ನು ದಿನಾ ನೋಡಬೇಕಾಯಿತು. ನೋಡುತ್ತಾ ನೋಡುತ್ತಾ ಅದರಿಂದ ಮನೆ ಕಟ್ಟುವುದು ಕಲಿಯಬಹುದು ಅನ್ನಿಸಿತು. ಮೊದಲ ಸಲ ಕಲಿತಿದ್ದು ತಪ್ಪಾಗಿತ್ತು, ಅದು ಬೇರೆ ವಿಷಯ.

ಪ್ರಕೃತಿ ನೋಡಿ ವಸ್ತು ಮಾಡುವ ಕತೆಗಳನ್ನು ಮಕ್ಕಳಿಗೆ ಹೇಳುವುದು ನನಗೆ ಇಷ್ಟ. ಬಟ್ಟೆಗೆ ಅಂಟುವ ಮುಳ್ಳುಕಾಯಿ ನೋಡಿ ವೆಲ್ಕ್ರೋ ಮಾಡಿದ್ದು, ಮಿಂಚುಳ್ಳಿಯ ಕೊಕ್ಕು ನೋಡಿ ಜಪಾನಿನ ಬುಲೆಟ್ ರೈಲಿನ ಮೂತಿ ತಿದ್ದಿದ್ದು. ಈ ಸಾಲಿನಲ್ಲಿ ತಪ್ಪದೆ ಬರುವ ಇನ್ನೊಂದು ಕತೆ ಜಿಂಬಾಬ್ವೆಯ ಹರಾರೆ ನಗರದ ಈಸ್ಟ್‌ಗೇಟ್ ಸೆಂಟರ್. ಅಂಗಡಿ, ಕಚೇರಿಗಳಿರುವ ದೊಡ್ಡ ಕಟ್ಟಡ. ಮಿಕ್ ಪಿಯರ್ಸ್ ಅದರ ವಾಸ್ತುಶಿಲ್ಪಿ. 1996ರಲ್ಲಿ ತೆರೆದರು. ಬೇರೆ ದೊಡ್ಡ ಕಟ್ಟಡಗಳಲ್ಲಿ ಇರುವಂಥ ಏಸಿ ವ್ಯವಸ್ಥೆ ಅಲ್ಲಿಲ್ಲ. ಮಾಡಿನ ಮೇಲೆ ಸಾಲು ಚಿಮಣಿಗಳು. ಹುತ್ತ ತನ್ನೊಳಗೆ ತಂಪು ಇಟ್ಟುಕೊಳ್ಳುವ ಹಾಗೆ ಈ ಕಟ್ಟಡವೂ ಇಟ್ಟುಕೊಳ್ಳುತ್ತದೆ ಎಂಬುದು ಕತೆ. ಅದರ ಫೋಟೋ ನೋಡಿದ್ದೆ. ಹುತ್ತ ನಮ್ಮ ಅಂಗಳದಲ್ಲೇ ಇತ್ತು. ಇನ್ನೇನು ಬೇಕು? ನಮ್ಮ ಮನೆಗೂ ಒಂದು ಚಿಮಣಿ ಎಂದು ನಿರ್ಧಾರ ಮಾಡಿಬಿಟ್ಟೆ.

ನಮ್ಮ ಮನೆಯವರು ಎಂದಿನಂತೆ "ನಿನಗೆ ಹೇಗೆ ಬೇಕೋ ಹಾಗೆ" ಅಂದರು. ಆದರೆ ಮೇಸ್ತ್ರಿ ಮೊದಲ ಎರಡು ತಿಂಗಳು ನಾನು ಕೇಳಿದ ಪ್ರಶ್ನೆಗೆಲ್ಲ ಅವರ ಮುಖ ನೋಡಿಕೊಂಡೇ ಉತ್ತರ ಹೇಳುತ್ತಿದ್ದ.

ಚಿಮಣಿಗಿಂತ ಮೊದಲು ಗೋಡೆಯ ಮಾತು ಹೇಳಬೇಕು. ಅದೊಂದು ನೆಟ್ಟಗೆ ಆಯಿತು.

ಹುತ್ತಕ್ಕೆ ಮಣ್ಣು ಬೇರೆ ಊರಿನಿಂದ ಬರುವುದಿಲ್ಲ. ಗೆದ್ದಲು ಕೆಳಗಿನ ಮಣ್ಣನ್ನೇ ಮೇಲೆ ತಂದು ಕಟ್ಟುತ್ತದೆ. ನಾವೂ ಹಾಗೇ ಮಾಡಬಹುದಲ್ವಾ ಅನ್ನಿಸಿತು. ಹೇಗೂ ಮಳೆ ನೀರಿಗೆ ಒಂದು ತೊಟ್ಟಿ ತೋಡಬೇಕಿತ್ತು. 12 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಆಳ. ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲಿ ಬೇರು, ಕಸ, ಗೊಬ್ಬರ ಇರುತ್ತದೆ, ಅದು ಇಟ್ಟಿಗೆಗೆ ಬಾರದು. ಅದನ್ನು ತೆಂಗಿನ ಬುಡಕ್ಕೆ ಹಾಕಿದೆವು. ಅದರ ಕೆಳಗಿನ ಕೆಂಪು ಮಣ್ಣೇ ಗೋಡೆಯಾಯಿತು. ನಮ್ಮ ಅದೃಷ್ಟ ನೋಡಿ, ತೋಟದ ಆಚೆ ಬದಿಗೆ ಹೋದರೆ ಎರೆ ಭೂಮಿ. ಎರೆಮಣ್ಣಾಗಿದ್ದರೆ ಈ ಕೆಲಸ ಆಗುತ್ತಿರಲಿಲ್ಲ. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ.

ಮಣ್ಣನ್ನು ಒತ್ತಿ ಇಟ್ಟಿಗೆ ಮಾಡುವುದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 'ಅಸ್ತ್ರ' ಎಂಬ ಕೇಂದ್ರ ಶುರು ಮಾಡಿದರು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಜೊತೆಯವರು ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಲ್ಲಿ ಒತ್ತುವ ಯಂತ್ರಕ್ಕೆ ಹಾಕಿ ಒತ್ತುವುದು. ಸುಡುವುದಿಲ್ಲ. ಸೌದೆ ಬೇಡ, ಗೂಡು ಬೇಡ, ಹೊಗೆ ಇಲ್ಲ.

ಮಣ್ಣಿನ ಪರೀಕ್ಷೆಯನ್ನು ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳೇ ಮಾಡಿದರು. ಉಪ್ಪಿನಕಾಯಿ ಬಾಟಲಿಗೆ ಕಾಲು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಇಟ್ಟರೆ ಮರಳು ನಿಮಿಷದಲ್ಲೇ ತಳಕ್ಕೆ ಕೂರುತ್ತದೆ, ಜೇಡಿ ನಿಧಾನಕ್ಕೆ ಮೇಲೆ ಕೂರುತ್ತದೆ. ಮಾರನೇ ದಿನ ಸ್ಕೇಲು ಹಿಡಿದು ಪದರಗಳನ್ನು ಅಳೆಯುವುದು. ನಮ್ಮದರಲ್ಲಿ ಜೇಡಿ ಜಾಸ್ತಿ ಇತ್ತು. ಮರಳಿನ ಅಂಶ ಮುಕ್ಕಾಲಿನ ಹತ್ತಿರಕ್ಕೆ ಬರಲಿ ಎಂದು ಕಲ್ಲುಪುಡಿ ಬೆರೆಸಿದೆವು. ಸಿಮೆಂಟು ನೂರಕ್ಕೆ ಏಳು ಪಾಲು.

ಯಂತ್ರ ಬಾಡಿಗೆಗೆ ತಂದು, ಐದು ಜನ ಕೆಲಸಕ್ಕೆ ಇಟ್ಟು, ಮೊದಲ ದಿನ 300 ಇಟ್ಟಿಗೆ ಒತ್ತಿದೆವು. ನೋಡಲು ಕೇಕಿನ ಹಾಗೆ ಇದ್ದವು. ಹತ್ತು ದಿನದ ಮೇಲೆ ಎತ್ತಿದರೆ ಮೂಲೆಗಳು ಕೈಗೇ ಬಂದವು. ಕೆಲವಕ್ಕೆ ನಡುವೆ ಬಿರುಕು. ಮೇಸ್ತ್ರಿ ಏನೂ ಮಾತಾಡಲಿಲ್ಲ. ಒಂದು ಇಟ್ಟಿಗೆ ಎತ್ತಿ ನಮ್ಮ ಮನೆಯವರ ಕಡೆ ತೋರಿಸಿದ, ಅಷ್ಟೇ.

ತಪ್ಪು ಎರಡಾಗಿತ್ತು. ಒಂದು, ಕಾಂಕ್ರೀಟು ಕಲಸಿ ಅಭ್ಯಾಸ ಇದ್ದವರು ನೀರು ಜಾಸ್ತಿ ಹಾಕಿದ್ದರು. ಎರಡು, ಒಣಗಲಿ ಎಂದು ಬಿಸಿಲಿಗೆ ಇಟ್ಟಿದ್ದೆವು. ಈ ಇಟ್ಟಿಗೆ ಒಣಗಬಾರದು, ಕ್ಯೂರ್ ಆಗಬೇಕು, ಅಂದರೆ ಒದ್ದೆಯಲ್ಲೇ ನಿಧಾನಕ್ಕೆ ಗಟ್ಟಿಯಾಗಬೇಕು. ಆಮೇಲೆ ಸರಿಯಾದ ಲೆಕ್ಕ ಹಿಡಿದೆವು. ಕಲಸಿದ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಉಂಡೆ ಮಾಡಿ, ಎದೆಯ ಎತ್ತರದಿಂದ ನೆಲಕ್ಕೆ ಬಿಡುವುದು. ಪುಡಿಪುಡಿಯಾದರೆ ನೀರು ಕಮ್ಮಿ. ಸಗಣಿಯ ಹಾಗೆ ಚಪ್ಪಟೆಯಾದರೆ ನೀರು ಜಾಸ್ತಿ. ನಾಲ್ಕೈದು ಚೂರಾದರೆ ಸರಿ. ಒತ್ತಿದ ಮೇಲೆ ನೆರಳಿನಲ್ಲಿ ಜೋಡಿಸಿ, ಗೋಣಿ ಮತ್ತು ತೆಂಗಿನ ಗರಿ ಮುಚ್ಚಿ, ಮೂರು ವಾರ ದಿನಕ್ಕೆ ಎರಡು ಸಲ ನೀರು. ಆ ಮೂರು ವಾರ ನಾನು ಸ್ಕೂಲಿಗೆ ಹೋಗುವ ಮುಂಚೆ ಇಟ್ಟಿಗೆಗೆ ನೀರು, ಬಂದ ಮೇಲೆ ಇಟ್ಟಿಗೆಗೆ ನೀರು. ಮನೆಯಲ್ಲಿ ಯಾರಿಗೂ ಅಷ್ಟು ಉಪಚಾರ ಮಾಡಿಲ್ಲ.

ಆ ದಿನಗಳಲ್ಲೇ ಒಂದು ಸಂಗತಿ ಓದಿದೆ. ಅದೇ ವಿಜ್ಞಾನ ಸಂಸ್ಥೆಯ ಇನ್ನೊಂದು ತಂಡ ಗೆದ್ದಲು ಇಟ್ಟಿಗೆ ಮಾಡುವ ಬಗೆಯನ್ನೇ ಅಧ್ಯಯನ ಮಾಡಿತ್ತು. 2017ರಲ್ಲಿ ಪ್ರಕಟವಾಗಿದೆ. ನಮ್ಮ ಕಡೆ ಹುತ್ತ ಕಟ್ಟುವ ಒಡೊಂಟೊಟರ್ಮಿಸ್ ಒಬೀಸಸ್ ಎಂಬ ಗೆದ್ದಲೇ ಅದು. ಬಾಯಿ ಹಿಡಿಯುವಷ್ಟು ಮಣ್ಣಿನ ಉಂಡೆ ಮಾಡಿ, ಜೊಲ್ಲು ಬೆರೆಸಿ, ಒಂದರ ಪಕ್ಕ ಒಂದು ಒತ್ತುತ್ತದೆ. ದೊಡ್ಡ ಕೆಲಸಗಾರರು, ಚಿಕ್ಕ ಕೆಲಸಗಾರರು ಜೊತೆಗೂಡಿ ಕೆಲಸ ಮಾಡುತ್ತವೆ. ಮುಖ್ಯ ವಿಷಯ ಏನೆಂದರೆ, ಉಂಡೆಗೆ ಉಂಡೆ ಹಿಡಿಯುವುದು ಒಂದು ಗೊತ್ತಾದ ಮಟ್ಟದ ಒದ್ದೆಯಲ್ಲಿ ಮಾತ್ರ. ಆ ಹದ ಹಿಡಿದು ಕಟ್ಟಿದ್ದರಿಂದ ಒಣಗಿದ ಮೇಲೂ ಕುಗ್ಗಿ ಬಿರಿಯುವುದಿಲ್ಲ. ಇದನ್ನು ಓದಿ ಮೇಸ್ತ್ರಿಗೆ ಹೇಳಿದೆ. "ಅದಕ್ಕೇ ಹುತ್ತದ ಮಣ್ಣಲ್ಲಿ ಒಲೆ ಹಾಕೋದು ಟೀಚರ್" ಅಂದ. ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ್ದ.

ಒಟ್ಟು ಆರೂವರೆ ಸಾವಿರ ಇಟ್ಟಿಗೆ ಆಯಿತು. ಒಂದೊಂದೂ ಎಂಟು ಕೆಜಿಗೆ ಮೇಲೆ. ಸಿಮೆಂಟು ಸುಮಾರು 70 ಚೀಲ ಹಿಡಿಯಿತು. ಗೋಡೆಗೆ ಒಳಗೂ ಹೊರಗೂ ಗಾರೆ ಮಾಡಿಸಲಿಲ್ಲ, ಹಾಗಾಗಿ ಅಲ್ಲಿ ಉಳಿಯಿತು. ಮಣ್ಣು ತೆಗೆದ ಗುಂಡಿಗೆ ಕಲ್ಲು ಕಟ್ಟಿ ತೊಟ್ಟಿ ಮಾಡಿದೆವು. 25 ಸಾವಿರ ಲೀಟರ್ ಹಿಡಿಯುತ್ತದೆ. ನಮ್ಮದು ಮಳೆ ಕಮ್ಮಿ ಬೀಳುವ ಸೀಮೆ. ಆದರೂ ಒಳ್ಳೆಯ ವರ್ಷದಲ್ಲಿ ಮಾಡಿನ ನೀರಿನಿಂದಲೇ ಅದು ತುಂಬುತ್ತದೆ.

ಮನೆ ಯಾವ ಕಡೆಗೆ ಮುಖ ಮಾಡಬೇಕು ಎಂಬುದನ್ನು ಹೇಳಿದ್ದು ಗೀಜಗ. ಬಾವಿಯ ಪಕ್ಕದ ಈಚಲ ಮರದಲ್ಲಿ ಪ್ರತಿ ವರ್ಷ ಗೂಡು ತೂಗುತ್ತವೆ. ಎಲ್ಲಾ ಗೂಡೂ ಮರದ ಪೂರ್ವಕ್ಕೇ ಇವೆ ಎಂದು ಒಬ್ಬ ಹುಡುಗ ತೋರಿಸಿದ. ನಾನು ಅಷ್ಟು ವರ್ಷ ನೋಡಿದ್ದರೂ ಗಮನಿಸಿರಲಿಲ್ಲ. ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುತ್ತದೆ, ಅದರ ಹೊಡೆತಕ್ಕೆ ಮರವನ್ನೇ ಅಡ್ಡ ಇಟ್ಟುಕೊಂಡು ಗೀಜಗ ಗೂಡು ಕಟ್ಟುತ್ತದೆ. ನಮ್ಮ ಕಡೆ ಆ ಗಾಳಿ ಸಾಮಾನ್ಯದ್ದಲ್ಲ. ಚಿತ್ರದುರ್ಗ ಜಿಲ್ಲೆಯ ಗುಡ್ಡದ ಮೇಲೆಲ್ಲ ಗಾಳಿಯಂತ್ರ ನೆಟ್ಟಿರುವುದು ಸುಮ್ನೆ ಅಲ್ಲ. ಜಗಲಿ, ಮುಂಬಾಗಿಲು ಪೂರ್ವಕ್ಕೆ ಇಟ್ಟೆವು. ಅತ್ತೆ ಇದಕ್ಕೆ ಕೂಡಲೇ ಒಪ್ಪಿದರು. ಅವರ ಲೆಕ್ಕ ವಾಸ್ತು, ನನ್ನದು ಗೀಜಗ.

ಪಶ್ಚಿಮದ ಗೋಡೆಗೆ ಇನ್ನೊಂದು ಪ್ರಯೋಗ ಮಾಡಿದೆ. ಕಳ್ಳಿಗಿಡದ ಮೈಮೇಲೆ ಏಣು ಇರುತ್ತದಲ್ಲ, ಅದು ತನ್ನ ನೆರಳನ್ನು ತನ್ನ ಮೇಲೇ ಬೀಳಿಸಿಕೊಳ್ಳುತ್ತದೆ. ಹಾಗೆ ಗೋಡೆಯಲ್ಲೂ ಒಂದು ಸಾಲು ಬಿಟ್ಟು ಒಂದು ಸಾಲು ಇಟ್ಟಿಗೆ ಮುಂದೆ ಚಾಚಿಸಿದೆವು. ನೋಡಲು ಚೆಂದ. ಆದರೆ ಇಳಿಬಿಸಿಲು ಅಡ್ಡಕ್ಕೆ ಬಂದು ನೇರ ಹೊಡೆಯುತ್ತದೆ, ಆ ಚಾಚಿನ ನೆರಳು ಸಾಲದು. ಅಲ್ಲಿ ನಿಜವಾಗಿ ಕೆಲಸ ಮಾಡಿದ್ದು ಮೊದಲೇ ಇದ್ದ ಹೊಂಗೆ ಮರ. ಬೇಸಿಗೆ ಏರುವ ಹೊತ್ತಿಗೆ ಅದು ಹಳೇ ಎಲೆ ಉದುರಿಸಿ ಹೊಸ ಎಲೆ ತುಂಬಿಕೊಂಡಿರುತ್ತದೆ. ಚಾಚಿದ ಇಟ್ಟಿಗೆಗಳ ಸಂದಿಯಲ್ಲಿ ಈಗ ಕಣಜ ಗೂಡು ಕಟ್ಟಿದೆ. ಧೂಳು ಹೊಡೆಯುವುದೂ ಕಷ್ಟ. ಯಾರಾದರೂ ಕೇಳಿದರೆ ಇದು ಬೇಡ ಅಂತೀನಿ.

ಮಾಡಿಗೆ ಫಿಲ್ಲರ್ ಸ್ಲ್ಯಾಬ್. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಬಹಳ ಬಳಸಿದ ವಿಧಾನ. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಭಾರ ಹೊರುವುದಕ್ಕೆ ಹೆಚ್ಚು ನೆರವಾಗುವುದಿಲ್ಲ, ಅಲ್ಲಿ ಎಳೆತ ತಡೆಯುವುದು ಕಬ್ಬಿಣ. ಹಾಗಾಗಿ ಕಂಬಿಗಳ ನಡುವೆ ಹಳೇ ಮಂಗಳೂರು ಹೆಂಚು ಜೋಡಿಸಿ ಅಷ್ಟು ಕಾಂಕ್ರೀಟು ಉಳಿಸುವುದು. ಎರಡು ಹೆಂಚು ಬೋರಲು ಹಾಕಿದರೆ ನಡುವೆ ಗಾಳಿ ನಿಲ್ಲುತ್ತದೆ, ಬಿಸಿ ಕೆಳಗೆ ಇಳಿಯುವುದೂ ಸ್ವಲ್ಪ ತಡ. ಊರೊಳಗಿನ ಹಳೇ ಮನೆಯ ಹೆಂಚೇ ಇಲ್ಲಿಗೆ ಬಂತು.

ಇನ್ನು ಚಿಮಣಿ.

ಮನೆಯ ಹಾಲ್ ನಡುವೆ ನಾಲ್ಕಡಿ ಚೌಕ, ಮಾಡಿನಿಂದ ಮೇಲಕ್ಕೆ 12 ಅಡಿ. ತುದಿಯಲ್ಲಿ ನಾಲ್ಕೂ ಕಡೆ ಜಾಲರಿ. ಬಿಸಿಲಿಗೆ ತುದಿ ಕಾಯಲಿ, ಬಿಸಿ ಗಾಳಿ ಮೇಲೆ ಹೋಗಲಿ, ಕೆಳಗಿನ ಕಿಟಕಿಯಿಂದ ಹೊಸ ಗಾಳಿ ಒಳಗೆ ಬರಲಿ ಎಂದು ತುದಿಗೆ ಕಪ್ಪು ಬಣ್ಣ ಹೊಡೆಸಿದೆ. ಎಂಜಿನಿಯರ್ ಒಬ್ಬರು ನಕ್ಷೆ ನೋಡಿ ತಲೆಯಾಡಿಸಿದ್ದರು. ಅದು ಒಪ್ಪಿಗೆಯೋ ಅನುಮಾನವೋ ಎಂದು ನಾನು ಕೇಳಲಿಲ್ಲ. ಅಕ್ಕಪಕ್ಕದ ತೋಟದವರು ಬಂದು ನೋಡಿ ಹೋದರು. ವಾರದೊಳಗೆ ಅದಕ್ಕೆ ಹೆಸರು ಬಿದ್ದಿತ್ತು. ಟೀಚರಮ್ಮನ ಗಾಳಿಗೋಪುರ.

2020ರ ಫೆಬ್ರವರಿಯಲ್ಲಿ ಗೃಹಪ್ರವೇಶ. ಮಾರ್ಚಿನಲ್ಲಿ ಲಾಕ್‌ಡೌನ್. ಸ್ಕೂಲು ಮುಚ್ಚಿತು. ಬೇರೆ ವರ್ಷವಾಗಿದ್ದರೆ ಏಪ್ರಿಲ್ ಮಧ್ಯಾಹ್ನ ನಾನು ಮನೆಯಲ್ಲಿ ಇರುತ್ತಿದ್ದದ್ದೇ ಕಮ್ಮಿ. ಆ ವರ್ಷ ಹೊರಗೆ ಹೋಗುವಂತಿಲ್ಲ. ನಾನೇ ಕಟ್ಟಿಸಿದ ಮನೆಯಲ್ಲಿ ನಾನೇ ಕೂತು ಬೆವರಬೇಕಾಯಿತು.

ಗೋಪುರ ಗಾಳಿ ಎಳೆಯುತ್ತಿರಲಿಲ್ಲವೇ? ಚೆನ್ನಾಗಿಯೇ ಎಳೆಯುತ್ತಿತ್ತು. ಕೆಳಗೆ ಊದುಬತ್ತಿ ಹಚ್ಚಿದರೆ ಹೊಗೆ ಸರ್ ಎಂದು ಮೇಲೆ ಹೋಗುತ್ತಿತ್ತು. ಮೊದಮೊದಲು ಬಂದವರಿಗೆಲ್ಲ ಊದುಬತ್ತಿ ಹಚ್ಚಿ ತೋರಿಸಿದ್ದೇ ತೋರಿಸಿದ್ದು. ಆದರೂ ಸೆಕೆ ತಡೆಯಲು ಆಗುತ್ತಿರಲಿಲ್ಲ. ಒಂದು ಥರ್ಮಾಮೀಟರ್ ಹಾಲಿನಲ್ಲಿ, ಒಂದು ಜಗಲಿಯ ನೆರಳಿನಲ್ಲಿ ತೂಗುಹಾಕಿದೆ. ಮೂರನೆಯದನ್ನು ಪಕ್ಕದ ತೋಟದ ಹಳೇ ಮಾಳಿಗೆ ಮನೆಯವರಿಗೆ ಕೊಟ್ಟೆ. ಮಣ್ಣಿನ ಮಾಡು, ಒಂದೂವರೆ ಅಡಿ ಗೋಡೆ, ಅಂಗೈಯಗಲ ಕಿಟಕಿಗಳ ಮನೆ ಅದು. ಮಧ್ಯಾಹ್ನ ಮೂರು ಗಂಟೆಗೆ ಹೊರಗೆ 38 ಡಿಗ್ರಿ. ನಮ್ಮ ಹಾಲಿನಲ್ಲಿ 36. ಅವರ ಮಾಳಿಗೆ ಮನೆಯಲ್ಲಿ 32.

ಮೂರು ದಿನ ಬರೆದಿಟ್ಟೆ. ಮೂರು ದಿನವೂ ಅಷ್ಟೇ. ಅತ್ತೆ ನಾಲ್ಕನೇ ದಿನ ಚಾಪೆ ಎತ್ತಿಕೊಂಡು ಹೊಂಗೆ ಮರದ ಕೆಳಗೆ ಹೋದರು.

ಆಗ ಕೂತು ಸರಿಯಾಗಿ ಓದಿದೆ. ಮೊದಲು ಓದಿದ್ದು ಫೋಟೋ ಕೆಳಗಿನ ಎರಡು ಸಾಲು ಮಾತ್ರ.

ಹರಾರೆ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದ ಊರು. ಅಲ್ಲಿ ರಾತ್ರಿ ಚೆನ್ನಾಗಿ ತಂಪಾಗುತ್ತದೆ. ಈಸ್ಟ್‌ಗೇಟ್ ಕಟ್ಟಡದ ಜೀವ ಇರುವುದು ಆ ರಾತ್ರಿಯಲ್ಲಿ. ರಾತ್ರಿಯ ತಣ್ಣನೆ ಗಾಳಿಯನ್ನು ಫ್ಯಾನುಗಳು ಟೊಳ್ಳು ನೆಲದೊಳಗೆ ನೂಕುತ್ತವೆ. ಅಷ್ಟೂ ಕಾಂಕ್ರೀಟು ತಣಿಯುತ್ತದೆ. ಮಾರನೇ ಹಗಲು ಆ ತಣಿದ ಕಾಂಕ್ರೀಟು ಒಳಗಿನ ಬಿಸಿಯನ್ನು ಕುಡಿಯುತ್ತದೆ. ಚಿಮಣಿ ಬಳಸಿದ ಗಾಳಿಯನ್ನು ಹೊರಗೆ ಬಿಡುವ ದಾರಿ, ಅಷ್ಟೇ. ನಾನು ಆ ಕಟ್ಟಡದಿಂದ ರಾತ್ರಿಯನ್ನು ಬಿಟ್ಟು ಚಿಮಣಿಯನ್ನು ತಂದಿದ್ದೆ. ಹಗಲು ಹೊತ್ತು ಅದು 38 ಡಿಗ್ರಿ ಗಾಳಿಯನ್ನು ನಿಷ್ಠೆಯಿಂದ ಕಿಟಕಿಯೊಳಗೆ ಎಳೆದು ಹಾಲಿಗೆ ತುಂಬಿಸುತ್ತಿತ್ತು. ಅಷ್ಟು ಕಷ್ಟಪಟ್ಟು ಕಟ್ಟಿದ ದಪ್ಪ ಗೋಡೆ ಒಳಗಿನಿಂದಲೂ ಕಾಯುತ್ತಿತ್ತು.

ಇದಕ್ಕಿಂತ ಮಜಾ ಇನ್ನೊಂದಿದೆ. ಹುತ್ತವೇ ಆ ರೀತಿ ಕೆಲಸ ಮಾಡುವುದಿಲ್ಲ. ಸ್ಕಾಟ್ ಟರ್ನರ್ ಮತ್ತು ರೂಪರ್ಟ್ ಸೋರ್ ಎಂಬುವರು ಆಫ್ರಿಕಾದ ಹುತ್ತಗಳನ್ನು ಅಳೆದು ನೋಡಿ 2008ರಲ್ಲಿ ಬರೆದರು. ಹುತ್ತ ಗೆದ್ದಲು ವಾಸಿಸುವ ಗೂಡನ್ನು ತಂಪು ಮಾಡುವ ಯಂತ್ರವಲ್ಲ. ಗೂಡಿನ ಬಿಸಿ ಸುತ್ತಲ ನೆಲದ ಬಿಸಿಯ ಜೊತೆಗೇ ಏರುತ್ತದೆ, ಇಳಿಯುತ್ತದೆ. ಹುತ್ತ ಇರುವುದು ಉಸಿರಾಟಕ್ಕೆ. ಅದು ಶ್ವಾಸಕೋಶದ ಹಾಗೆ. ಒಳಗೆ ಲಕ್ಷಗಟ್ಟಲೆ ಹುಳ, ಜೊತೆಗೆ ಅವು ಬೆಳೆಸುವ ಅಣಬೆಯ ತೋಟ. ಅಷ್ಟೂ ಬಿಡುವ ಇಂಗಾಲದ ಡೈ ಆಕ್ಸೈಡ್ ಹೊರಗೆ ಹೋಗಬೇಕಲ್ಲ? ಅಂದರೆ ಪಿಯರ್ಸ್ ಹುತ್ತವನ್ನು ಅರ್ಥ ಮಾಡಿಕೊಂಡಿದ್ದು ಅಷ್ಟು ಸರಿ ಇರಲಿಲ್ಲ. ಆದರೆ ತನ್ನ ಊರಿನ ಹವೆಯನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದರು. ಕಟ್ಟಡ ಚೆನ್ನಾಗಿ ನಡೆಯಿತು. ನಾನು ಎರಡನ್ನೂ ತಪ್ಪು ಮಾಡಿದ್ದೆ.

ನಮ್ಮ ಹುತ್ತದ ಕತೆ ಸಿಕ್ಕಿದ್ದು ಆಮೇಲೆ. ಹಂಟರ್ ಕಿಂಗ್, ಸ್ಯಾಮ್ಯುಯೆಲ್ ಓಕೊ, ಎಲ್. ಮಹಾದೇವನ್ ಎಂಬ ಮೂವರು ಬೆಂಗಳೂರಿನಲ್ಲೇ ಹುತ್ತಗಳ ಒಳಗೆ ಸಣ್ಣ ಸೆನ್ಸರ್ ಇಟ್ಟು ಗಾಳಿಯ ಓಡಾಟ ಅಳೆದಿದ್ದರು. 2015ರಲ್ಲಿ ಪ್ರಕಟವಾಯಿತು. ಅದೇ ಒಡೊಂಟೊಟರ್ಮಿಸ್ ಒಬೀಸಸ್. ಈ ಹುತ್ತಕ್ಕೆ ಮೇಲೆ ಚಿಮಣಿಯಂಥ ತೂತೇ ಇಲ್ಲ! ವರ್ಷದಿಂದ ದಿನಾ ನೋಡುತ್ತಿದ್ದೇನೆ, ನನಗೆ ಹೊಳೆದಿರಲಿಲ್ಲ. ಹಾವಿನ ಬಿಲ ಎಂದು ನಾವು ತೋರಿಸುವುದು ಹೆಚ್ಚಾಗಿ ಗೆದ್ದಲು ಬಿಟ್ಟುಹೋದ, ಒಡೆದುಹೋದ ಹುತ್ತದ ತೂತು. ಜೀವ ಇರುವ ಹುತ್ತ ಪೂರ್ತಿ ಮುಚ್ಚಿರುತ್ತದೆ. ಅದರ ಮೈಮೇಲಿನ ಏಣುಗಳು ಒಳಗೆ ಟೊಳ್ಳು. ಹಗಲು ಆ ತೆಳು ಏಣುಗಳು ಬೇಗ ಕಾಯುತ್ತವೆ, ನಡುಭಾಗ ತಣ್ಣಗಿರುತ್ತದೆ. ಗಾಳಿ ಏಣಿನಲ್ಲಿ ಏರಿ ನಡುವೆ ಇಳಿಯುತ್ತದೆ. ರಾತ್ರಿ ಏಣುಗಳು ಬೇಗ ತಣಿಯುತ್ತವೆ, ನಡುಭಾಗ ಬೆಚ್ಚಗಿರುತ್ತದೆ. ಆಗ ಗಾಳಿಯ ದಿಕ್ಕು ತಿರುಗಿ, ನಡುವೆ ಏರಿ ಏಣಿನಲ್ಲಿ ಇಳಿಯುತ್ತದೆ. ಹಗಲೆಲ್ಲ ಗೂಡಿನಲ್ಲಿ ಕೂಡಿದ ಕೆಟ್ಟ ಗಾಳಿ ರಾತ್ರಿ ಹೊರಗೆ ಹೋಗುತ್ತದೆ. ತೂತಿಲ್ಲ, ಸಣ್ಣ ಸಣ್ಣ ರಂಧ್ರಗಳ ಗೋಡೆಯಲ್ಲೇ ಗಾಳಿ ಸೋಸಿ ಹೋಗುತ್ತದೆ.

ಹಗಲು ರಾತ್ರಿಯ ಬಿಸಿಯ ಅಂತರ, ಅದೇ ಅದರ ಎಂಜಿನ್. ಆ ಸಂಜೆ ಹುತ್ತದ ಹತ್ತಿರ ಹೋಗಿ ಏಣಿನ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ಬೆಳಿಗ್ಗೆ ಐದೂವರೆಗೆ ಮತ್ತೆ ಹೋಗಿ ಇಟ್ಟೆ. ತಣ್ಣಗೆ, ಒದ್ದೆ ಬಟ್ಟೆಯ ಹಾಗೆ. ಅತ್ತೆ ಜಗಲಿಯಿಂದ ನೋಡಿ, ಕೊನೆಗೂ ಸೊಸೆಗೆ ಭಕ್ತಿ ಬಂತು ಅಂದುಕೊಂಡರು.

ನಮ್ಮ ಕಡೆ ಏಪ್ರಿಲ್‌ನಲ್ಲೂ ಬೆಳಗಿನ ಜಾವ 23ರ ಹತ್ತಿರ ಇಳಿಯುತ್ತದೆ. ಮಧ್ಯಾಹ್ನಕ್ಕೂ ಬೆಳಗಿಗೂ 15 ಡಿಗ್ರಿ ಅಂತರ. ನನ್ನ ಹತ್ತಿರವೂ ಅದೇ ಎಂಜಿನ್ ಇತ್ತು, ನಾನು ಉಲ್ಟಾ ಓಡಿಸುತ್ತಿದ್ದೆ. ಮಾಡಬೇಕಾದ್ದು ಇಷ್ಟೇ. ಹಗಲು ಎಲ್ಲಾ ಮುಚ್ಚುವುದು, ರಾತ್ರಿ ಎಲ್ಲಾ ತೆಗೆಯುವುದು. ರಾತ್ರಿ ಒಳಗಿನ ಗೋಡೆ ಬೆಚ್ಚಗಿದ್ದು ಹೊರಗೆ ತಂಪಿದ್ದರೆ ಗೋಪುರ ತಾನಾಗೇ ಎಳೆಯುತ್ತದೆ, ಆಗ ಎಳೆಯುವುದು ತಂಪು ಗಾಳಿಯನ್ನು.

ಗೋಪುರದ ಬುಡಕ್ಕೆ ಒಂದು ಮರದ ಮುಚ್ಚಳ ಮಾಡಿಸಿದೆವು. ಲಾಕ್‌ಡೌನ್ ನಡುವೆ ಬಡಗಿ ಸಿಗಲಿಲ್ಲ, ಹಳೇ ಮನೆಯ ಅಟ್ಟದ ಹಲಗೆ ಜೋಡಿಸಿ ನಮ್ಮ ಮನೆಯವರೇ ಬಡಿದರು. ಎತ್ತಲು ಇಳಿಸಲು ಬಾವಿಯ ರಾಟೆ, ಹಗ್ಗ. ಬೆಳಿಗ್ಗೆ ಎಂಟಕ್ಕೆ ಮುಚ್ಚಳ, ಕಿಟಕಿ ಎಲ್ಲಾ ಬಂದ್. ಸಂಜೆ ಏಳಕ್ಕೆ ಎಲ್ಲಾ ತೆಗೆ. ತುದಿಯ ಕಪ್ಪು ಬಣ್ಣದ ಮೇಲೆ ಸುಣ್ಣ ಹೊಡೆದೆವು, ಮಾಡಿಗೂ ಬಿಳಿ ಸುಣ್ಣ. ಹಗಲು ಕಾಯಿಸಿ ಎಳೆಯುವ ಕೆಲಸವೇ ಇಲ್ಲವಲ್ಲ.

ಈ ಹೊಸ ನಿಯಮವನ್ನು ಅತ್ತೆಗೆ ವಿವರಿಸಲು ಹೋದೆ. ಹುತ್ತ, ಏಣು, ಸೆನ್ಸರ್ ಎಲ್ಲಾ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಬಿರುಬಿಸಿಲಲ್ಲಿ ಕಿಟಕಿ ತೆಕ್ಕೊಂಡು ಕೂರೋರು ಯಾರಾದ್ರೂ ಇದಾರಾ? ನಾನು ಮೊದಲೇ ಹೇಳೋಣ ಅಂತಿದ್ದೆ, ನೀನು ಓದಿದವಳು ಅಂತ ಸುಮ್ನಿದ್ದೆ" ಅಂದರು.

ಒಂದು ವಾರಕ್ಕೆ ಮೂರು ಗಂಟೆಯ ಲೆಕ್ಕ 36ರಿಂದ 32ಕ್ಕೆ ಇಳಿಯಿತು. ಮಾಳಿಗೆ ಮನೆಗೆ ಸಮ. ಅತ್ತೆಯ ಚಾಪೆ ಒಳಗೆ ಬಂತು.

ಎಲ್ಲಾ ದಿನವೂ ಇದು ನಡೆಯುವುದಿಲ್ಲ. ಮೇ ತಿಂಗಳಲ್ಲಿ ಮೋಡ ಕವಿದ ರಾತ್ರಿ ಹೊರಗೇ ತಂಪಾಗುವುದಿಲ್ಲ, ಆಗ ಮನೆಯೂ ತಣಿಯುವುದಿಲ್ಲ. ಅಂಥ ದಿನ ಫ್ಯಾನೇ ಗತಿ. ಉಡುಪಿಯಲ್ಲಿರುವ ನನ್ನ ತಂಗಿ ತಾನೂ ಇಂಥ ಗೋಪುರ ಕಟ್ಟಲೇ ಅಂತ ಕೇಳಿದಳು. ಬೇಡ ಅಂದೆ. ಕರಾವಳಿಯಲ್ಲಿ ರಾತ್ರಿಗೂ ಹಗಲಿಗೂ ಅಂತರ ಕಮ್ಮಿ, ಮೇಲೆ ಅಂಟಂಟು ಸೆಕೆ. ಅಲ್ಲಿ ಗಾಳಿ ಮೈಗೆ ತಾಗುತ್ತಾ ಹಾದು ಹೋಗಬೇಕು, ಮುಚ್ಚಿಟ್ಟರೆ ಉಸಿರು ಕಟ್ಟುತ್ತದೆ. ಅಲ್ಲಿಯ ಇಳಿಜಾರು ಹೆಂಚಿನ ಮಾಡು, ಉದ್ದ ಜಗಲಿ ಅಲ್ಲಿಗೇ ಸರಿ.

ಗೆದ್ದಲಿನಿಂದ ಕಲಿತ ಮನೆ ಎಂದು ಹೇಳಿಕೊಂಡು ಓಡಾಡುತ್ತಿದ್ದ ನನಗೆ ಗೆದ್ದಲೇ ಒಂದು ಖರ್ಚಿನ ಬಿಲ್ ಕೊಟ್ಟಿತು. ಹುತ್ತ 20 ಅಡಿ ದೂರದಲ್ಲಿದೆ, ವಿಷ ಹೊಡೆಸುವುದು ಬೇಡ ಎಂದು ಪಾಯಕ್ಕೆ ಗೆದ್ದಲು ಔಷಧಿ ಹಾಕಿಸಿರಲಿಲ್ಲ. ದುಡ್ಡು ಉಳಿಸಲು ಹಿತ್ತಲ ಬಾಗಿಲಿಗೆ ಕಾಡುಮರದ ಚೌಕಟ್ಟು ಇಟ್ಟಿದ್ದೆವು. ಎರಡನೇ ಮಳೆಗಾಲದಲ್ಲಿ ಒಂದು ದಿನ ಬಾಗಿಲು ಹಾಕಿದರೆ ಚಿಲಕ ಚೌಕಟ್ಟಿನ ಸಮೇತ ಕೈಗೆ ಬಂತು. ಒಳಗೆ ಮರವೇ ಇರಲಿಲ್ಲ, ಬರೀ ಬಣ್ಣ. ಅದರೊಳಗೆ ಮಣ್ಣಿನ ಕೊಳವೆಗಳು, ಎಷ್ಟು ಅಚ್ಚುಕಟ್ಟು ಅಂದರೆ ಬೈಯಲೂ ಮನಸ್ಸು ಬರಲಿಲ್ಲ. ಮೇಸ್ತ್ರಿ ಬಂದು ನೋಡಿ ನಕ್ಕ. "ನೀವು ಅವುಗಳ ಮನೆ ನೋಡಿದ್ರಿ, ಅವು ನಿಮ್ಮ ಮನೆ ನೋಡೋಕೆ ಬಂದಿದಾವೆ." ಈಗ ಅಲ್ಲಿ ಕಲ್ಲಿನ ಚೌಕಟ್ಟು ಇದೆ. ದುರ್ಗದ ಸೀಮೆಯಲ್ಲಿ ಕಲ್ಲಿಗೇನು ಬರ? ಮೊದಲೇ ಇಡಬೇಕಿತ್ತು.

ಗೋಪುರದ ಜಾಲರಿಯೂ ಕಾಟ ಕೊಟ್ಟಿತು. ಮೊದಲ ವರ್ಷ ದೊಡ್ಡ ಕಣ್ಣಿನ ಜಾಲರಿ ಹಾಕಿದ್ದರಿಂದ ಬಾವಲಿ ಒಳಗೆ ಬಂದು ಹಾಲೆಲ್ಲ ಸುತ್ತಿತು. ಸಣ್ಣ ಕಣ್ಣಿನದು ಹಾಕಿದೆವು, ಧೂಳು ತುಂಬಿ ಗಾಳಿ ನಿಂತಿತು. ಈಗ ಮಧ್ಯಮ ಕಣ್ಣಿನದು ಇದೆ. ಎರಡು ತಿಂಗಳಿಗೊಮ್ಮೆ ಉದ್ದ ಕೋಲಿಗೆ ಪೊರಕೆ ಕಟ್ಟಿ ಗುಡಿಸುತ್ತೇವೆ.

ಹೋದ ವರ್ಷ ಮೇಸ್ತ್ರಿಗೆ ಚಳ್ಳಕೆರೆ ಕಡೆ ಒಂದು ಮನೆ ಕೆಲಸ ಸಿಕ್ಕಿತು. ಅದೂ ಮಣ್ಣಿನ ಇಟ್ಟಿಗೆಯದ್ದೇ. ಯಂತ್ರ ಎಲ್ಲಿ ಬಾಡಿಗೆಗೆ ಸಿಗುತ್ತದೆ, ಕಲ್ಲುಪುಡಿ ಎಷ್ಟು ಬೆರೆಸಿದ್ದೆವು ಎಂದು ಕೇಳಲು ಫೋನ್ ಮಾಡಿದ್ದ. ಉಂಡೆ ಬಿಟ್ಟು ನೋಡುವುದು ಮರೆಯಬೇಡ ಅಂದೆ. "ಅದೆಲ್ಲ ಗೊತ್ತು ಟೀಚರ್" ಅಂದ. ಆಮೇಲೆ ಸ್ವಲ್ಪ ತಡೆದು ಇನ್ನೊಂದು ಕೇಳಿದ. ಆ ಕೆಲಸ ಕೊಟ್ಟವರ ಹಳೇ ಮನೆಯ ಮಾಡಿನಲ್ಲಿ ಗವಾಕ್ಷಿ, ಅಂದರೆ ಗಾಳಿ ಬೆಳಕಿನ ಕಿಂಡಿ, ಇದೆಯಂತೆ, ಅದಕ್ಕೆ ನಮ್ಮ ಹಾಗೆ ರಾಟೆ, ಹಗ್ಗ ಹಾಕಬೇಕಂತೆ.

ಗೋಪುರದ ಅಳತೆ ಬರೆದುಕೋ ಎಂದು ನಾನು ಶುರು ಮಾಡಿದೆ.

"ಗೋಪುರ ಬೇಡ ಟೀಚರ್" ಅಂದ. "ಮುಚ್ಚಳದ ಅಳತೆ ಮಾತ್ರ ಹೇಳಿ."